ಕಾಳಿಯ ಕಲ್ಲು ನಿಂತಿದ್ದ ನೆಲದವರಿಗೆ

ಮದ್ದೂರು ತಾಲ್ಲೂಕು ಆತಗೂರು ಹೋಬಳಿಯ ದೇವಸ್ಥಾನ ಜೀರ್ಣೋದ್ಧಾರ ಸಮಿತಿಗಳವರಿಗೆ, ಊರ ಯಜಮಾನರಿಗೆ, ರಸೀತಿ ಪುಸ್ತಕ ಹಿಡಿದು ಮನೆಮನೆ ತಿರುಗುತ್ತಿರುವ ಹುಡುಗರಿಗೆ,

ಕಬ್ಬು ಸಾಗಿಸಿ, ಭತ್ತ ಮನೆ ಸೇರಿ, ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ನಮ್ಮ ಕಡೆ ಗುಡಿ ಕೆಲಸ ಶುರುವಾಗುತ್ತದೆ. ಈ ಸಲವೂ ಆಗಿದೆ. ಹೋದ ವಾರ ಬಸ್ಸಿನಲ್ಲಿ ಮದ್ದೂರಿಗೆ ಹೋಗುವಾಗ ಕಿಟಕಿಯಿಂದ ನೋಡುತ್ತ ಹೋದೆ. ಒಂದೂರಿನಲ್ಲಿ ಮಾರಮ್ಮನ ಗುಡಿಯ ಹೆಂಚು ಇಳಿಸುತ್ತಿದ್ದರು. ಇನ್ನೊಂದೂರಿನಲ್ಲಿ ಬಸವಣ್ಣನ ಗುಡಿಗೆ ಪಿಲ್ಲರ್ ಎದ್ದಿತ್ತು. ಮತ್ತೊಂದೂರಿನಲ್ಲಿ ಜೆಸಿಬಿ ಬಂದು ಗುಡಿ ಮುಂದಿನ ಜಾಗ ಮಟ್ಟ ಮಾಡುತ್ತಿತ್ತು. ಆ ಜೆಸಿಬಿ ಕಂಡಾಗಲೇ ನಿಮಗೆ ಬರೆಯಬೇಕು ಅನ್ನಿಸಿದ್ದು.

ಗುಡಿ ಕಟ್ಟಬೇಡಿ ಎನ್ನಲು ಬರೆಯುತ್ತಿಲ್ಲ. ಸೋರುವ ಗುಡಿಯಲ್ಲಿ ದೇವರನ್ನು ನೆನೆಯಲು ಬಿಟ್ಟು ನಾವು ಮಾತ್ರ ಆರ್‌ಸಿಸಿ ಮನೆಯಲ್ಲಿ ಮಲಗುವುದು ಯಾವ ನ್ಯಾಯ? ಊರು ಒಂದಾಗಿ ದುಡ್ಡು ಸೇರಿಸಿ ಗುಡಿ ಎಬ್ಬಿಸುವುದು ದೊಡ್ಡ ಕೆಲಸ. ಈ ಹೋಬಳಿಯ ಶಾಲೆಗಳಲ್ಲಿ ಮೂವತ್ತು ವರ್ಷದ ಮೇಲೆ ಪಾಠ ಹೇಳಿದವನು ನಾನು. ನಿಮ್ಮಲ್ಲಿ ಎಷ್ಟೋ ಜನ ನನ್ನ ಮುಂದೆ ಕೂತು ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರು. ಆ ಸಲುಗೆಯಿಂದ ಒಂದು ಮಾತು ಕೇಳುತ್ತೇನೆ. ನೀವು ಕಟ್ಟಲು ಹೊರಟ ಗುಡಿಯ ಮುಂದೆಯೋ ಹಿಂದೆಯೋ, ಅರಳಿಕಟ್ಟೆಯ ಬುಡದಲ್ಲೋ, ಕೆರೆ ಏರಿಯ ತೂಬಿನ ಪಕ್ಕದಲ್ಲೋ ಒಂದು ಹಳೆಯ ಕಲ್ಲು ಇದೆಯಲ್ಲ, ಬಿಲ್ಲು ಹಿಡಿದ ಒಬ್ಬ ಆಳು, ಮೇಲೆ ಸೂರ್ಯ ಚಂದ್ರ, ಅಡ್ಡಪಟ್ಟಿಯಲ್ಲಿ ಓದಲು ಬಾರದ ನಾಲ್ಕು ಸಾಲು, ಆ ಕಲ್ಲನ್ನು ಏನು ಮಾಡಬೇಕೆಂದಿದ್ದೀರಿ?

ಈ ಪ್ರಶ್ನೆಯನ್ನು ಬೇರೆ ಯಾವ ಹೋಬಳಿಯವರಿಗೂ ಕೇಳಬಹುದು. ನಿಮಗೇ ಮೊದಲು ಕೇಳಲು ಕಾರಣವಿದೆ. ಕನ್ನಡ ನಾಡಿನ ಚರಿತ್ರೆ ಓದಿದವರೆಲ್ಲ ಬಲ್ಲ ಒಂದು ಕಲ್ಲು ನಿಮ್ಮ ಈ ನೆಲದ್ದು. ಆತಕೂರು ಶಾಸನ ಎಂದು ಪುಸ್ತಕಗಳಲ್ಲಿ ಬರುವ ಆತಕೂರು ನಮ್ಮ ಆತಗೂರೇ. ಶಕ ವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50ರಲ್ಲಿ ಅದನ್ನು ಚಲ್ಲೇಶ್ವರ ದೇವರ ಮುಂದೆ ನಿಲ್ಲಿಸಿದರು. ನಿಲ್ಲಿಸಿದ್ದು ದೊರೆಗಲ್ಲ, ದಂಡನಾಯಕನಿಗಲ್ಲ, ಒಂದು ನಾಯಿಗೆ. ನಾಯಿಯ ಹೆಸರು ಕಾಳಿ.

ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಗೊತ್ತಿಲ್ಲದ ಹುಡುಗರಿಗಾಗಿ ಹೇಳುತ್ತೇನೆ.

ಆ ಹೊತ್ತಿಗೆ ನಮ್ಮ ಸೀಮೆ ಗಂಗರ ಇಮ್ಮಡಿ ಬೂತುಗನ ಕೈಯಲ್ಲಿತ್ತು. ಬೂತುಗನ ಮೇಲೆ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಶಾಸನಗಳು ಕನ್ನರದೇವ ಎನ್ನುವ ಚಕ್ರವರ್ತಿ. ಬೂತುಗನ ಹೆಂಡತಿ ರೇವಕನಿಮ್ಮಡಿ ಈ ಕನ್ನರನ ಒಡಹುಟ್ಟಿದವಳು, ಹೀಗಾಗಿ ಅವರಿಬ್ಬರೂ ಭಾವ ಮೈದುನರು. ಇಂದಿನ ತಮಿಳುನಾಡಿನ ಅರಕ್ಕೋಣದ ಹತ್ತಿರ ತಕ್ಕೋಲ ಎಂಬ ಊರಿದೆ. 949ರಲ್ಲಿ ಅಲ್ಲಿ ಚೋಳರಿಗೂ ಇವರಿಗೂ ದೊಡ್ಡ ಕಾಳಗವಾಯಿತು. ಚೋಳರ ಪರಾಂತಕನ ಮಗ ರಾಜಾದಿತ್ಯ ಆನೆಯ ಮೇಲೆ ಕೂತಿದ್ದ ಹಾಗೆಯೇ ಬೂತುಗನ ಕೈಯಿಂದ ಸತ್ತ. ತಮಿಳು ಶಾಸನಗಳು ಅವನನ್ನು ಇಂದಿಗೂ ಆನೆಯ ಮೇಲೆ ತೀರಿಕೊಂಡ ದೊರೆ ಎಂದೇ ಕರೆಯುತ್ತವೆ. ಮೆಚ್ಚಿದ ಕನ್ನರದೇವ ಬೂತುಗನಿಗೆ ಬನವಾಸೆ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಆ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಇರಿದವನು ಮಣಲೇರ. ಅವನಿಗೆ ಬೂತುಗ ಕೊಟ್ಟದ್ದು ಆತಕೂರು ಹನ್ನೆರಡು. ಹನ್ನೆರಡು ಊರಿನ ಒಂದು ಗುಂಪು, ಇವತ್ತು ನಾವು ಹೋಬಳಿ ಎನ್ನುವುದರ ಹಳೆಯ ರೂಪ. ಹೀಗೆ ಕೊಟ್ಟದ್ದಕ್ಕೆ ಬಾಳ್ಗಚ್ಚು ಎಂದು ಹೆಸರು. ಬಾಳ್ ಅಂದರೆ ಕತ್ತಿ, ಕಚ್ಚು ಅಂದರೆ ತೊಳೆಯುವುದು. ರಕ್ತ ಹತ್ತಿದ ಕತ್ತಿ ತೊಳೆದು ಕೊಟ್ಟ ಭೂಮಿ ನಾವು ನೀವು ಉಳುತ್ತಿರುವುದು.

ಇಷ್ಟಾದ ಮೇಲೆ ಮಣಲೇರನಿಗೆ ದೊರೆ, ಮೆಚ್ಚಿದೆ, ಬೇಕಾದ್ದು ಬೇಡು ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು.

ಈ ಜಾಗಕ್ಕೆ ಬಂದಾಗಲೆಲ್ಲ ನಾನು ಸುಮ್ಮನೆ ಕೂತುಬಿಡುತ್ತೇನೆ. ಆನೆ ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು, ಇನ್ನೊಂದಷ್ಟು ಊರು ಕೇಳಬಹುದಿತ್ತು. ಪಾಳೆಯದಲ್ಲಿ ಆ ನಾಯಿಯನ್ನು ಅವನು ಎಷ್ಟು ದಿನ ನೋಡುತ್ತಿದ್ದನೋ, ಅದು ಅವನ ಹಿಂದೆ ಹೇಗೆ ಬಾಲ ಆಡಿಸಿಕೊಂಡು ಬರುತ್ತಿತ್ತೋ! ಆಮೇಲೆ ಒಂದು ದಿನ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದ ಮೇಲೆ ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯನ್ನು ಕಾಳಿ ಕೊಂದಿತು, ಕಾಳಿಯನ್ನು ಹಂದಿ ಕೊಂದಿತು. ಮಣಲೇರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಡೆಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟ. ಖಂಡುಗ ಎಂದರೆ ಈಗಿನ ಹುಡುಗರಿಗೆ ಚೀಲದ ಲೆಕ್ಕದಲ್ಲಿ ಹೇಳಬೇಕೇನೋ. ನಮ್ಮಪ್ಪನ ಕಾಲಕ್ಕೂ ಗದ್ದೆಯ ಅಳತೆ ಎಕರೆಯಲ್ಲ, ಇಷ್ಟು ಕೊಳಗ ಬೀಜ ಹಿಡಿಯುವ ನೆಲ, ಇಷ್ಟು ಖಂಡುಗದ ನೆಲ ಎಂದೇ. ಆ ಭೂಮಿಯನ್ನು ಕೆಡಿಸಿದ ಒಕ್ಕಲಿಗನಿಗೂ, ಊರಾಳುವವನಿಗೂ, ನಾಡಾಳುವವನಿಗೂ ಆ ನಾಯಿಯ ಪಾಪ ಹತ್ತಲಿ ಎಂದು ಬರೆಸಿದ. ಆ ಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಪಾಪ ಎಂದು ಬರೆಸಿದ.

ಇನ್ನೊಂದು ಮಾತು. ತಕ್ಕೋಲದ ಕಾಳಗದಲ್ಲಿ ರಾಜಾದಿತ್ಯನನ್ನು ಕೊಂದವನು ಯಾರು, ಅದಕ್ಕೆ ಸಿಕ್ಕ ಬಹುಮಾನ ಏನು ಎಂದು ತಿಳಿಯಬೇಕಾದವರು ಕನ್ನಡದವರಿರಲಿ, ತಮಿಳರಿರಲಿ, ಓದುವುದು ನಿಮ್ಮ ಊರಿನ ಈ ನಾಯಿಕಲ್ಲನ್ನು. ದಕ್ಷಿಣ ಭಾರತದ ಒಂದು ಮುಖ್ಯ ಯುದ್ಧದ ಸುದ್ದಿ ಅರಮನೆಯ ಕಡತದಲ್ಲಿ ಉಳಿಯಲಿಲ್ಲ. ಒಬ್ಬ ಆಳು ತನ್ನ ನಾಯಿ ಸತ್ತ ಸಂಕಟಕ್ಕೆ ಹಳ್ಳಿಯ ಗುಡಿ ಮುಂದೆ ನೆಟ್ಟ ಕಲ್ಲಿನಲ್ಲಿ ಉಳಿಯಿತು. ಅದಕ್ಕೇ ನಿಮ್ಮ ಗುಡಿ ಮುಂದಿನ ಕಲ್ಲಿನ ಮೇಲೆ ಏನಿದೆಯೋ ಯಾರಿಗೆ ಗೊತ್ತು ಎನ್ನುತ್ತೇನೆ. ಓದುವವರೆಗೂ ಗೊತ್ತಾಗುವುದಿಲ್ಲ. ಒಡೆದ ಮೇಲೆ ಎಂದೂ ಗೊತ್ತಾಗುವುದಿಲ್ಲ.

ಕಾಳಿಯ ಕಲ್ಲು ಒಡೆಯಲಿಲ್ಲ, ನಮ್ಮ ಪುಣ್ಯ. ಬಿ.ಎಲ್. ರೈಸ್ ಅವರ ಕಣ್ಣಿಗೆ ಬಿತ್ತು. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಶಾಲಾ ತನಿಖೆಗೆಂದು ಮೈಸೂರು ಸೀಮೆಯಲ್ಲಿ ಕುದುರೆ ಮೇಲೆ ತಿರುಗುವಾಗ ಊರೂರಲ್ಲಿ ಬರಹದ ಕಲ್ಲು ಕಂಡು, ಅದರ ಹಿಂದೆಯೇ ಬದುಕು ಕಳೆದವರು. ಅವರು ತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. 1894ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ, ಅಂದಿನ ಮಂಡ್ಯ ತಾಲ್ಲೂಕಿನ ಭಾಗದಲ್ಲಿ, ನಮ್ಮ ಕಾಳಿ ಇದ್ದಾಳೆ. (ಗಂಡೋ ಹೆಣ್ಣೋ, ನಾನು ಮೊದಲಿನಿಂದಲೂ ಹೆಣ್ಣು ನಾಯಿ ಎಂದೇ ನೆನೆದುಕೊಂಡು ಬಂದಿದ್ದೇನೆ.) ಕಲ್ಲು ಆಮೇಲೆ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯ ಸೇರಿತು.

ಒಂದು ಸಲ ಏಳನೇ ತರಗತಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಅದರ ಮುಂದೆ ನಿಲ್ಲಿಸಿದ್ದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಒಂದರ ಮೇಲೊಂದು ಬಿದ್ದಿವೆ, ಸುತ್ತ ಹಳಗನ್ನಡದ ದುಂಡನೆಯ ಅಕ್ಷರ. ಮಕ್ಕಳು ತಿಮಿಂಗಿಲದ ಎಲುಬು ಎಲ್ಲಿದೆ ಎಂದು ಕೇಳುತ್ತಿದ್ದವು. ಒಬ್ಬ ಹುಡುಗ ಮಾತ್ರ ಹತ್ತಿರ ಬಂದು ಕೈ ಹಿಡಿದು ಕೇಳಿದ: "ಸಾ, ಇದ್ ನಮ್ಮೂರ್ ನಾಯಾ?" ಹೂಂ ಕಣಪ್ಪ, ನಮ್ಮೂರದೇ ಎಂದೆ. "ಮತ್ಯಾಕ್ ಸಾ ಇಲ್ಲಿಗ್ ತಂದವ್ರೆ?" ಅವತ್ತು ಉತ್ತರ ಹೇಳಿದೆ, ಇಲ್ಲಿದ್ದರೆ ಭದ್ರ ಎಂದು. ಸುಳ್ಳೇನಲ್ಲ. ಆದರೆ ಹೇಳುವಾಗ ಗಂಟಲು ಕಟ್ಟಿತು. ಯಾಕೆಂದರೆ ನಮ್ಮೂರಿನಲ್ಲಿ ಇದ್ದ ಕಲ್ಲು ಭದ್ರವಾಗಿ ಉಳಿಯಲಿಲ್ಲ.

ಅದನ್ನೂ ಹೇಳಬೇಕು. ಊರಿನ ಹೆಸರು ಬೇಡ. ನಮ್ಮೂರ ಮಾರಮ್ಮನ ಗುಡಿಯ ಎಡಕ್ಕೆ ಬೇವಿನ ಮರದ ಬುಡದಲ್ಲಿ ಎದೆಮಟ್ಟದ ಒಂದು ವೀರಗಲ್ಲಿತ್ತು. ನಾನು ಹುಡುಗನಾಗಿದ್ದಾಗ ಅದರ ನೆತ್ತಿ ಹಿಡಿದು ಮರಕ್ಕೆ ಹತ್ತುತ್ತಿದ್ದೆ. ಕೆಳಗಿನ ಅಂಕಣದಲ್ಲಿ ಒಬ್ಬ ಆಳು ಬಿಲ್ಲು ಎಳೆದು ನಿಂತಿದ್ದ. ಅವನ ಹಿಂದೆ ಮೂರು ದನ, ಅದರಲ್ಲೊಂದರ ಕೋಡು ಮುರಿದಿತ್ತು. ನಡುವಿನ ಅಂಕಣದಲ್ಲಿ ಇಬ್ಬರು ಹೆಂಗಸರು ಅವನ ಎರಡು ತೋಳು ಹಿಡಿದು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಮೇಲೆ ಲಿಂಗ, ಪಕ್ಕದಲ್ಲಿ ಕೈಮುಗಿದು ಕೂತ ಅದೇ ಆಳು. ಅಂಕಣಗಳ ನಡುವಿನ ಪಟ್ಟಿಯ ಮೇಲೆ ಬರಹ. ಹಬ್ಬದ ದಿನ ನಮ್ಮವ್ವ ಮಾರಮ್ಮನಿಗೆ ಇಟ್ಟ ತಂಬಿಟ್ಟಿನಲ್ಲಿ ಒಂದು ಚೂರು ಮುರಿದು ಆ ಕಲ್ಲಿನ ಮುಂದೆ ಇಡುತ್ತಿದ್ದಳು. ಯಾರಿಗವ್ವ ಎಂದರೆ, ನಮ್ಮೋರೇ ಯಾರೋ ಹಳಬರು ಅನ್ನುತ್ತಿದ್ದಳು.

ಗುಡಿ ಜೀರ್ಣೋದ್ಧಾರಕ್ಕೆ ಸಮಿತಿಯಾಯಿತು. ಮೇಷ್ಟ್ರು ಅಂತ ನನ್ನನ್ನೂ ಸೇರಿಸಿಕೊಂಡರು. ಲೆಕ್ಕ ಬರೆಯುವ ಕೆಲಸ ನನ್ನದು. ಸಿಮೆಂಟು ಎಷ್ಟು ಮೂಟೆ, ಕಂಬಿ ಎಷ್ಟು ಟನ್ನು ಎಲ್ಲ ಬರೆದಿಟ್ಟೆ. ಒಂದು ಸೋಮವಾರ ಶಾಲೆ ಮುಗಿಸಿಕೊಂಡು ಬಂದು ನೋಡಿದರೆ ಬೇವಿನ ಮರ ಉರುಳಿತ್ತು, ಕಲ್ಲು ಇರಲಿಲ್ಲ. ಎರಡು ತುಂಡಾಗಿತ್ತಂತೆ, ಭಿನ್ನವಾದ ಕಲ್ಲು ಗುಡಿ ಮುಂದೆ ಇರಬಾರದು ಎಂದು ಯಾರೋ ಅಂದರಂತೆ, ಚೂರು ಮಾಡಿ ಅಡಿಪಾಯಕ್ಕೆ ತುಂಬಿದರಂತೆ. ಯಾರನ್ನೂ ಬೈಯಲು ನನಗೆ ಬಾಯಿ ಬರಲಿಲ್ಲ. ಕಲ್ಲಿನ ವಿಚಾರ ಗೊತ್ತಿದ್ದವನು ಆ ಸಮಿತಿಯಲ್ಲಿ ನಾನೊಬ್ಬನೇ. ಬಾಯಿಬಿಟ್ಟು ಒಂದು ಮಾತು ಹೇಳಿರಲಿಲ್ಲ, ಒಂದು ಫೋಟೋ ತೆಗೆದಿರಲಿಲ್ಲ. ಇರುತ್ತದೆ ಬಿಡು, ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ. ಆಮೇಲೆ ಮೈಸೂರಿಗೆ ಹೋಗಿ ಸಂಪುಟಗಳನ್ನು ತೆರೆದು ನಮ್ಮೂರ ಹೆಸರು ಹುಡುಕಿದೆ. ಇರಲಿಲ್ಲ. ರೈಸ್ ಅವರ ಕಾಲದಲ್ಲೂ ಯಾರೂ ಅದನ್ನು ಬರೆದುಕೊಂಡಿರಲಿಲ್ಲ. ನಮ್ಮವ್ವ ತಂಬಿಟ್ಟು ಇಟ್ಟ ಆ ಹಳಬನ ಹೆಸರು ಆ ಕಲ್ಲಿನ ಪಟ್ಟಿಯಲ್ಲಿ ಇದ್ದಿರಬೇಕು. ಈಗ ಅದು ಮಾರಮ್ಮನ ಗರ್ಭಗುಡಿಯ ಕೆಳಗೆ ಜಲ್ಲಿಯಾಗಿ ಬಿದ್ದಿದೆ.

ಭಿನ್ನ ಎಂಬ ಮಾತಿನ ಬಗ್ಗೆ ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ನಿಮ್ಮ ಸಮಿತಿಯಲ್ಲೂ ಯಾರಾದರೂ ಇದನ್ನು ಎತ್ತುತ್ತಾರೆ. ಭಿನ್ನವಾಗುವುದು ಪ್ರಾಣಪ್ರತಿಷ್ಠೆಯಾದ ವಿಗ್ರಹ. ವೀರಗಲ್ಲು ವಿಗ್ರಹವಲ್ಲ, ಸತ್ತವನ ನೆನಪು. ಊರ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತವನು, ಊರಿಗೆ ಬೆಂಕಿಯಿಟ್ಟಾಗ ಸತ್ತವನು, ಹೆಂಗಸರ ಮೈಮೇಲೆ ಕೈ ಹಾಕಿದವರನ್ನು ತಡೆಯಲು ಹೋಗಿ ಸತ್ತವನು, ಗಡಿಯ ಜಗಳದಲ್ಲಿ ಸತ್ತವನು, ಹುಲಿಯ ಬಾಯಿಗೆ ಸಿಕ್ಕವನು. ಮುತ್ತಜ್ಜನ ಫೋಟೋದ ಗಾಜು ಒಡೆಯಿತು ಎಂದು ಫೋಟೋವನ್ನು ಒಲೆಗೆ ಹಾಕುತ್ತೇವೆಯೇ? ಹಾಗೆ ನೋಡಿದರೆ ತುಂಡಾದ ಶಾಸನವನ್ನು ಜೋಡಿಸಿ ಓದಬಹುದು. ಅರ್ಧವೇ ಸಿಕ್ಕರೂ ಅರ್ಧ ಓದಬಹುದು.

ಮಾಸ್ತಮ್ಮ ಎಂದು ನೀವು ಕರೆಯುವ ಕಲ್ಲುಗಳೂ ಇವೆ. ಕಂಬದಿಂದ ಒಂದು ತೋಳು ಹೊರಬಂದಿರುತ್ತದೆ, ಕೈತುಂಬ ಬಳೆ, ಬೆರಳ ಸಂದಿನಲ್ಲಿ ನಿಂಬೆಹಣ್ಣು. ಗಂಡನ ಜತೆ ಬೆಂಕಿ ಹೊಕ್ಕ ಹೆಣ್ಣಿನ ಗುರುತು ಅದು. ಆ ಪದ್ಧತಿಯನ್ನು ಯಾರೂ ಕೊಂಡಾಡಬೇಕಿಲ್ಲ, ನನಗೆ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಆ ಹೆಣ್ಣು ಇದ್ದಳು ಎನ್ನುವುದಕ್ಕೆ ಆ ಕೈ ಒಂದೇ ಸಾಕ್ಷಿ. ಹೆಗ್ಗಡದೇವನಕೋಟೆ ಕಡೆಯ ಇನ್ನೊಂದು ಬೆಳತೂರಿನಲ್ಲಿ 1057ರ ಒಂದು ಕಲ್ಲಿದೆ. ದೇಕಬ್ಬೆ ಎಂಬ ಹೆಣ್ಣಿನದು. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದ, ಆ ತಪ್ಪಿಗೆ ದೊರೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ತಾಯಿ ತಂದೆ ಎಷ್ಟು ತಡೆದರೂ ಕೇಳದೆ ದೇಕಬ್ಬೆ ಬೆಂಕಿಗೆ ಬಿದ್ದಳು. ಮಗಳನ್ನು ತಡೆದ ಆ ತಾಯಿ ತಂದೆಯ ಮಾತು ಸಾವಿರ ವರ್ಷ ಉಳಿದದ್ದು ಹಳ್ಳಿಯ ಕಲ್ಲಿನಲ್ಲಿ. ನಿಮ್ಮ ಹೊಲದ ಬದುವಿನ ಮೇಲಿರುವ ಮಾಸ್ತಮ್ಮನಿಗೂ ಒಬ್ಬ ತಾಯಿ ಇದ್ದಿರಬೇಕಲ್ಲವೇ?

ಇನ್ನು ನಿಧಿಯ ಮಾತು. ಇದನ್ನು ಹೇಳಲು ಬೇಸರ, ಆದರೂ ಹೇಳಬೇಕು. ಕಲ್ಲಿನ ಮೇಲೆ ಬರಹವಿದ್ದರೆ ಅಡಿಯಲ್ಲಿ ಕೊಪ್ಪರಿಗೆ ಇದೆ ಎಂದು ಅಮಾವಾಸ್ಯೆ ರಾತ್ರಿ ಅಗೆಯುವವರು ಈ ಕಡೆಯೂ ಇದ್ದಾರೆ. ಅವರಿಗೆ ಊರಿನವರೇ ಬುದ್ಧಿ ಹೇಳಬೇಕು. ಬರಹದಲ್ಲಿ ಇರುವುದು ಹೊಲದ ಎಲ್ಲೆ, ಕೆರೆಯ ದತ್ತಿ, ಸತ್ತವನ ಹೆಸರು, ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ಶಾಪ. ಕಲ್ಲನ್ನು ಕಿತ್ತವನ ಮೇಲೆಯೇ ಬರೆದಿಟ್ಟ ಶಾಪ ಅದು!

ಮೂರು ವರ್ಷದ ಹಿಂದೆ ಪಕ್ಕದ ಊರೊಂದರಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಲ್ಲಿಯ ಹುಡುಗರು ಗುಡಿ ಕೆಲಸಕ್ಕೆ ಕೈ ಹಾಕುವ ಮೊದಲು ನನ್ನನ್ನು ಕೇಳಿದರು. ಮೈಸೂರಿನಿಂದ ಶಾಸನ ಓದುವ ಗೆಳೆಯರೊಬ್ಬರನ್ನು ಕರೆಸಿದೆ. ಅವರು ಬಂದವರೇ ಎರಡು ಕೊಡ ನೀರು ಕೇಳಿದರು. ಮೆತ್ತನೆ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿ ಉಜ್ಜಿ ಎಣ್ಣೆಜಿಡ್ಡು, ಅರಿಶಿಣ, ಪಾಚಿ ಬಿಡಿಸಿದರು. ಒದ್ದೆ ಮಾಡಿದ ಕಾಗದದ ಹಾಳೆಯನ್ನು ಕಲ್ಲಿಗೆ ಹಚ್ಚಿ, ಉದ್ದ ಕೂದಲಿನ ಬ್ರಷ್ಷಿನಲ್ಲಿ ತಟತಟ ಬಡಿಯತೊಡಗಿದರು. ಬಡಿದ ಕಡೆಯೆಲ್ಲ ಕಾಗದ ಅಕ್ಷರದ ಗುಳಿಯೊಳಗೆ ಇಳಿಯಿತು. ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು, "ಕಲ್ಗೂ ಬಟ್ಟೆ ಉಡುಸ್ತಾವ್ರೆ ನೋಡು" ಎಂದಳು. ಕಾಗದ ಅರೆಬರೆ ಆರಿದ ಮೇಲೆ ಬಟ್ಟೆಯ ಉಂಡೆಗೆ ಕಪ್ಪು ಮಸಿ ಹಚ್ಚಿಕೊಂಡು ಮೇಲಿಂದ ಮೇಲೆ ಮೆಲ್ಲಗೆ ಒತ್ತಿದರು. ಉಬ್ಬಿದ್ದೆಲ್ಲ ಕಪ್ಪಾಯಿತು, ಗುಳಿಯಲ್ಲಿದ್ದ ಅಕ್ಷರ ಬೆಳ್ಳಗೆ ಉಳಿಯಿತು. ಅಷ್ಟು ದಿನ ಕಲ್ಲಿನ ಮೇಲೆ ಗೀರು ಎಂದುಕೊಂಡಿದ್ದದ್ದು ಕನ್ನಡವಾಗಿ ಎದ್ದು ಬಂತು.

ಕಲ್ಲು ಬಹಳ ಸವೆದಿತ್ತು. ಹೆಸರಿನ ಜಾಗದಲ್ಲಿ ಚಕ್ಕೆ ಎದ್ದುಹೋಗಿತ್ತು. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಇಲ್ಲಿ ತುರು ಅಂತಿದೆ ಎಂದರು. ತುರು ಅಂದರೆ ದನ. ಅದೇ ಅಜ್ಜಿ ಎದ್ದು ಬಂದು ಕೇಳಿದಳು: "ದನ ಬುಡ್ಸಕ್ ವೋಗಿ ಸತ್ತೋನಾ?" ಹೌದಮ್ಮ ಎಂದರು. "ಹಂಗಾದ್ರೆ ನಮ್ಮೋನೇ ಕಣಪ್ಪ" ಎಂದು ಸೆರಗಿನಿಂದ ಕಲ್ಲಿನ ಮೇಲಿದ್ದ ನೀರು ಒರೆಸಿದಳು. ಆ ಊರಿನವರು ಗುಡಿಯ ಬಲಕ್ಕೆ ಒಂದು ಗೇಣು ಎತ್ತರದ ಕಟ್ಟೆ ಕಟ್ಟಿ ಆ ಕಲ್ಲನ್ನು ನಿಲ್ಲಿಸಿದ್ದಾರೆ. ಸ್ವಾಗತ ಕಮಾನಿಗೆ ಬಳಿದ ಬಣ್ಣದ ಖರ್ಚಿನಷ್ಟೂ ಅದಕ್ಕೆ ಆಗಲಿಲ್ಲ.

ನಾನು ನಿಮ್ಮನ್ನು ಕೇಳುವುದು ಇಷ್ಟೇ ಕೆಲಸ. ಜೆಸಿಬಿ ಕರೆಸುವ ಮೊದಲು ಒಂದು ಸಂಜೆ ಊರ ಸುತ್ತ ಹೋಗಿ ಕಲ್ಲುಗಳನ್ನು ನೋಡಿಕೊಂಡು ಬನ್ನಿ. ಬಟ್ಟೆ ಒಗೆಯುವ ಕಡೆ ಮಗುಚಿ ಬಿದ್ದಿರುತ್ತವೆ, ಮೋರಿಯ ಚಪ್ಪಡಿಯಾಗಿರುತ್ತವೆ, ಹಟ್ಟಿಯ ಗೂಟದ ಪಕ್ಕ ಇರುತ್ತವೆ. ಇಳಿಬಿಸಿಲು ಅಡ್ಡಲಾಗಿ ಬಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತದೆ, ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಇನ್ನೂ ಚೆನ್ನ. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ, ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆಯಿರಿ. ಯಾವ ಜಾಗದಲ್ಲಿತ್ತು ಎಂದು ಬರೆದುಕೊಳ್ಳಿ. ಹೊಲದ ಹೆಸರು ಕೇಳಿ ಬರೆದುಕೊಳ್ಳಿ, ಸರ್ವೆ ನಂಬರ್ ಸಾಲದು. ಮಾಸ್ತಮ್ಮನ ಹೊಲ, ಹಳೂರು ತಿಟ್ಟು, ದೇವರ ಮಾನ್ಯ ಎಂಬ ಹೆಸರುಗಳು ಪಹಣಿಯಲ್ಲಿ ಇಲ್ಲ, ಎಂಬತ್ತು ದಾಟಿದವರ ಬಾಯಲ್ಲಿ ಮಾತ್ರ ಇವೆ. ಹಿಂದೆ ಇದನ್ನೆಲ್ಲ ಬಲ್ಲ ಶಾನುಭೋಗರಿದ್ದರು, ಇದ್ದಿಲು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದಿಡುತ್ತಿದ್ದರು. ವಂಶಪಾರಂಪರ್ಯದ ಆ ಹುದ್ದೆಗಳನ್ನು 1961ರ ಕಾಯಿದೆ ತೆಗೆದುಹಾಕಿತು. ಅದು ಆಗಬೇಕಿದ್ದ ಕೆಲಸವೇ. ಆದರೆ ಅವರ ಕಡತಗಳು ಅಟ್ಟದ ಮೇಲೆ ಗೆದ್ದಲು ಹಿಡಿದು ಹೋದದ್ದು ಮಾತ್ರ ನಷ್ಟ. ನಿಮ್ಮ ಯಾರ ಮನೆಯಲ್ಲಾದರೂ ಕಪ್ಪು ಮಡಿಕೆಯ ಅಂಥ ಕಡತ ಇದ್ದರೆ ದಯವಿಟ್ಟು ನೀರು ಸೋಕಿಸಬೇಡಿ, ಬಳಪದ ಬರಹ ಒಂದೇ ಒರೆಸಿಗೆ ಹೋಗಿಬಿಡುತ್ತದೆ.

ಕಲ್ಲಿಗೆ ಆಯಿಲ್ ಪೇಂಟ್ ಬಳಿಯಬೇಡಿ. ಅಕ್ಷರದ ಗುಳಿ ಮುಚ್ಚಿಹೋಗುತ್ತದೆ, ಆಮೇಲೆ ಕೀಳಲು ಹೋದರೆ ಕಲ್ಲಿನ ಚರ್ಮವೇ ಸುಲಿಯುತ್ತದೆ. ಹಳೆಯ ಕಲ್ಲನ್ನು ಹೊಸದಾಗಿ ಕಾಣಿಸುತ್ತೇವೆಂದು ಮರಳು ಊದುವ ಯಂತ್ರ ತರುವವರಿದ್ದಾರೆ, ಅವರನ್ನು ಬರಹದ ಕಲ್ಲಿನ ಹತ್ತಿರ ಬಿಡಬೇಡಿ. ಪೂಜೆ ನಿಲ್ಲಿಸಿ ಎಂದು ಮಾತ್ರ ನಾನು ಹೇಳಲಾರೆ. ಎಷ್ಟೋ ಕಲ್ಲುಗಳು ಉಳಿದದ್ದೇ ಪೂಜೆಯಿಂದ. ಮಣಲೇರ ಅಂದು ಕಾಳಿಯ ಕಲ್ಲಿಗೆ ಪೂಜೆ ಕಟ್ಟುಮಾಡಿದ್ದೂ ಅದಕ್ಕೇ, ಕಲ್ಲು ಜನರ ಕಣ್ಣಲ್ಲಿ ಇರಲಿ ಎಂದು. ದೀಪ ಕಲ್ಲಿನ ಮುಂದೆ ಹಚ್ಚಿ, ಎಣ್ಣೆ ಕಲ್ಲಿನ ಮೇಲೆ ಸುರಿಯಬೇಡಿ, ಸಾಕು.

ಬರಹವಿದ್ದರೆ ಮೈಸೂರಿನ ಪುರಾತತ್ವ ಇಲಾಖೆಗೆ ಒಂದು ಅರ್ಜಿ, ಫೋಟೋ ಸಮೇತ ಹಾಕಿ. ಕಲ್ಲನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ ಎಂಬ ಭಯ ನಿಮಗಿರುವುದು ಗೊತ್ತು. ನನ್ನ ಏಳನೇ ಕ್ಲಾಸಿನ ಹುಡುಗ ಕೇಳಿದ್ದೂ ಅದನ್ನೇ. ಆದರೆ ಊರೇ ನಿಂತು ನೋಡಿಕೊಂಡ ಕಲ್ಲು ಊರಲ್ಲೇ ಉಳಿದದ್ದೂ ಉಂಟು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಒಂದು ವೀರಗಲ್ಲು ಸಿಕ್ಕಿತು. ಕಿತ್ತಯ್ಯ ಎಂಬುವನದು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲು ಎಂದು ಅದರಿಂದ ಗೊತ್ತಾಯಿತು. ಅಷ್ಟು ದೊಡ್ಡ ಪಟ್ಟಣದ ಗದ್ದಲದ ನಡುವೆ ಅಲ್ಲಿಯ ಜನ ಅದಕ್ಕೆ ಮಂಟಪ ಕಟ್ಟಿಕೊಂಡರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಆ ಸುತ್ತಿನ ಶಾಸನಗಳನ್ನೆಲ್ಲ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದೆ. ಇನ್ನು ಕಲ್ಲು ಊರು ಬಿಟ್ಟು ಹೋದರೂ ಅದರ ನೆನಪು ಊರಲ್ಲೇ ಉಳಿಯಬಹುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಎಲ್ಲರಿಗೂ ಗೊತ್ತು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಕಂಡು ಓದಿ ಬೆಳಕಿಗೆ ತರುವವರೆಗೆ ಅದೂ ಒಂದು ಹಳ್ಳಿಯ ಬಡಕಲ್ಲೇ, ಎರಡೂವರೆ ಅಡಿ ಎತ್ತರ, ಹದಿನಾರು ಸಾಲು. ಮೂಲ ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ಅದರ ಪ್ರತಿಕೃತಿ ಇದೆ. ಮಕ್ಕಳು ಬಸ್ಸು ಮಾಡಿಕೊಂಡು ಹೋಗಿ ನೋಡಿ ಬರುತ್ತಾರೆ.

ನಮ್ಮ ಮದ್ದೂರು ತಾಲ್ಲೂಕಿಗೆ ಇಂಥದ್ದು ಹೊಸದಲ್ಲ. ಕೊಕ್ಕರೆ ಬೆಳ್ಳೂರಿನವರು ಹುಣಸೆ ಮರದ ಫಸಲು ಹಾಳಾದರೂ ಹೆಜ್ಜಾರ್ಲೆಗಳನ್ನು ಮನೆಮಕ್ಕಳ ಹಾಗೆ ನೋಡಿಕೊಂಡು ಬಂದವರು. ಶಿವಪುರದವರು 1938ರ ಏಪ್ರಿಲ್‌ನಲ್ಲಿ ಸರ್ಕಾರದ ಆಜ್ಞೆ ಮುರಿದು ಬಾವುಟ ಹಾರಿಸಿದ ಜಾಗವನ್ನು ಇವತ್ತಿಗೂ ಸೌಧ ಕಟ್ಟಿ ಕಾಪಾಡಿಕೊಂಡಿದ್ದಾರೆ. ಹಕ್ಕಿಯನ್ನೂ ಬಾವುಟವನ್ನೂ ಕಾಯಬಲ್ಲ ಸೀಮೆ ಇದು. ಒಂದು ನಾಯಿಗೆ ಎರಡು ಖಂಡುಗ ಭೂಮಿ ಬಿಟ್ಟ ಸೀಮೆ.

ಮಾಘ ಮುಗಿಯುವುದರೊಳಗೆ ಮೂರು ಊರಿನಲ್ಲಿ ಪಾಯ ತೆಗೆಯುತ್ತೀರೆಂದು ಕೇಳಿದ್ದೇನೆ. ಮುಹೂರ್ತಕ್ಕೆ ಒಂದು ವಾರ ಮುಂಚೆ ನನಗೆ ಹೇಳಿಕಳಿಸಿ. ಬ್ರಷ್ಷು, ಕಾಗದ, ಮಸಿ ನನ್ನ ಹತ್ತಿರ ಇವೆ, ಬಡಿಯುವುದನ್ನು ಕಲಿತುಕೊಂಡಿದ್ದೇನೆ. ಎರಡು ಕೊಡ ನೀರು ನೀವು ಕೊಡಿ. ಕಲ್ಲು ಮಗುಚಲು ನಾಲ್ಕು ಹುಡುಗರು ಬೇಕು, ನನ್ನ ಕೈಲಿ ಈಗ ಆಗುವುದಿಲ್ಲ. ಮಂಗಳವಾರ ಬೇಡ, ಅವತ್ತು ಮದ್ದೂರು ಸಂತೆ, ಹುಡುಗರು ಸಿಗುವುದಿಲ್ಲ.

ನಿಮ್ಮ ಹೋಬಳಿಯವನೇ ಆದ,
ಒಬ್ಬ ನಿವೃತ್ತ ಮೇಷ್ಟ್ರು